ಸಾಕ್ಷಿಗಳು ಇಬ್ಬರು, ದಿಕ್ಕು ಎರಡು: ವಿಮಾನ ಯಾವ ಕಡೆ ತಿರುಗಿತು?

ಇವತ್ತು ವಿಮಾನದ ಮಾತು. ಆದರೆ ಶುರು ಮಾಡೋದು ಜಾತ್ರೆಯಿಂದ.

ನಮ್ಮ ರಂಗಂಪೇಟೆ ಹುಡುಗರಿಗೆ ತಿಂಥಣಿ ಮೌನೇಶ್ವರ ಜಾತ್ರೆ ಗೊತ್ತೇ ಅದ. ಜಾತ್ರೆಗಳಲ್ಲಿ ತಿರುಗೋ ಆ ದೊಡ್ಡ ತೊಟ್ಟಿಲು, ಜೈಂಟ್ ವೀಲ್, ನೆನಪು ಮಾಡ್ಕೋರಿ. ಈ ಕಡೆ ನಿಂತವರಿಗೆ ಅದು ಗಡಿಯಾರದ ಮುಳ್ಳಿನಂತೆ ತಿರುಗಿದರೆ, ಆ ಕಡೆ ನಿಂತವರಿಗೆ ಉಲ್ಟಾ. ಇಬ್ಬರೂ ಸುಳ್ಳು ಹೇಳ್ತಿಲ್ಲ.

ವಿಮಾನ ಬೀಳೋದನ್ನ ಕಂಡವರ ಮಾತೂ ಹಿಂಗೇ. ಪಕ್ಕಕ್ಕೆ ಉರುಳಿದ ವಿಮಾನ, ಎದುರು ನಿಂತವರಿಗೆ ಒಂದು ದಿಕ್ಕು, ಹಿಂದೆ ನಿಂತವರಿಗೆ ಇನ್ನೊಂದು. ಬುಗುರಿಯಂತೆ ಎಡಕ್ಕೆ ಸುತ್ತುತ್ತ ಇಳಿದರೆ, ನೆಲದಿಂದ ತಲೆ ಎತ್ತಿ ನೋಡಿದವರಿಗೆ ಗಡಿಯಾರದ ಮುಳ್ಳಿನ ದಿಕ್ಕು. ಮೇಲಿನಿಂದ ನೋಡಿದರೆ ಅದರ ವಿರುದ್ಧ. ದೂರದಲ್ಲಿ, ಬಿಳಿ ಆಕಾಶದ ಮುಂದೆ ಬರೀ ಕಪ್ಪು ಆಕಾರ ಕಂಡರೆ, ಯಾವ ರೆಕ್ಕೆ ನಮ್ಮ ಕಡೆ ಇದೆ ಅನ್ನೋದೇ ತಿಳಿಯಲ್ಲ. ಆಗ ಮೆದುಳು ತಾನೇ ಒಂದು ದಿಕ್ಕು ಊಹಿಸುತ್ತದೆ.

ಇದು ಯಾಕೆ ಮುಖ್ಯ? ಎರಡು ಎಂಜಿನ್‌ನ ವಿಮಾನದಲ್ಲಿ ಒಂದು ನಿಂತರೆ, ವಿಮಾನ ಸಾಮಾನ್ಯವಾಗಿ ನಿಂತ ಎಂಜಿನ್ ಕಡೆಗೇ ತಿರುಗಲು ನೋಡುತ್ತದೆ. ಹಾಗಾಗಿ ದಿಕ್ಕು ತಪ್ಪಾಗಿ ಬರೆದುಕೊಂಡರೆ, ಸರಿಯಿದ್ದ ಎಂಜಿನ್ ಮೇಲೆ ಅನುಮಾನ ಹೋಗಬಹುದು.

ನಮ್ಮ ರಾಜ್ಯದ್ದೇ ಒಂದು ದುರಂತ ನೋಡ್ರಿ. 2009ರ ಮಾರ್ಚ್ 6ರಂದು ಬೆಂಗಳೂರಿನ ಎನ್‌ಎಎಲ್ ರೂಪಿಸಿದ್ದ 'ಸರಸ್' ವಿಮಾನ ಬಿಡದಿ ಹತ್ತಿರ ಬಿತ್ತು. ಅದೂ ಎರಡು ಎಂಜಿನ್ ವಿಮಾನವೇ. ಹಾರುತ್ತಿರುವಾಗಲೇ ಒಂದು ಎಂಜಿನ್ ನಿಲ್ಲಿಸಿ ಮತ್ತೆ ಚಾಲೂ ಮಾಡುವ ಪರೀಕ್ಷೆ ಅದು. ವಾಯುಪಡೆಯ ಮೂವರು ಅಧಿಕಾರಿಗಳು ತೀರಿಕೊಂಡರು. ಇಂಥ ಸಾವಿಗೆ ಕಾರಣ ಹುಡುಕುವಾಗ ಯಂತ್ರದ ದಾಖಲೆ ಬೇಕು, ಕಂಡವರ ಮಾತೂ ಬೇಕು. ಆದರೆ 'ಎಡಕ್ಕೆ ತಿರುಗಿತು' ಅಂದಷ್ಟೇ ಸಾಲದು. ಯಾರ ಎಡ? ನೋಡಿದವರದ್ದೋ, ಪೈಲಟ್‌ದೋ?

ಹಂಗಾಗಿ, ಎಂದಾದರೂ ನೀವೇ ಸಾಕ್ಷಿ ಆದರೆ ಮೂರು ಮಾತು ಬರೆದಿಡಿ: ಎಲ್ಲಿ ನಿಂತಿದ್ದೆ, ಯಾವ ದಿಕ್ಕಿಗೆ ಮುಖ ಮಾಡಿದ್ದೆ, ವಿಮಾನ ನನ್ನ ಕಡೆ ಬರ್ತಿತ್ತೋ ದೂರ ಹೋಗ್ತಿತ್ತೋ. ಎಡ-ಬಲದ ಬದಲು 'ಕೆರೆ ಕಡೆಯ ರೆಕ್ಕೆ ಕೆಳಗಾಯ್ತು' ಅನ್ರಿ. ವಿಡಿಯೊ ಇದ್ದರೆ ಮೂಲ ಫೈಲನ್ನೇ ಪೊಲೀಸರಿಗೋ ತನಿಖೆಯವರಿಗೋ ಕೊಡಿ. ವಾಟ್ಸ್‌ಆ್ಯಪ್‌ನಲ್ಲಿ ಸುತ್ತಾಡೋ ಕ್ಲಿಪ್ಪನ್ನು ಯಾರಾದರೂ ಕನ್ನಡಿಯಂತೆ ತಿರುಗಿಸಿರಬಹುದು. ಅದರಲ್ಲಿನ ಬೋರ್ಡಿನ ಅಕ್ಷರ ಉಲ್ಟಾ ಇದ್ದರೆ, ದಿಕ್ಕೂ ಉಲ್ಟಾ.

ಕಾಮೆಂಟಿನಲ್ಲಿ ಯಾರಿಗಾದರೂ 'ಸುಳ್ಳ' ಅನ್ನೋ ಮೊದಲು ಒಂದೇ ಪ್ರಶ್ನೆ ಕೇಳ್ರಿ: 'ನೀವು ಎಲ್ಲಿ ನಿಂತಿದ್ರಿ?'