ಹಳೆಯ ಬಾಯ್ಲರಿನ ಬದಲಾವಣೆ: ಹಣ ಯಾವ ಖಾತೆಯಿಂದ ಬರಬೇಕು?

ನಾರಾಯಣಪುರದ ಬಸವಸಾಗರ ಜಲಾಶಯದ ಎಡದಂಡೆ ಕಾಲುವೆಯ ನೀರು ಹರಿದ ಮೇಲೆ ಸುರಪುರ ಮತ್ತು ಶಹಾಪುರ ಭಾಗಗಳಲ್ಲಿ ಭತ್ತದ ಬೇಸಾಯ ವಿಸ್ತರಿಸಿತು. ಅದರ ಬೆನ್ನಿಗೆ ಅಕ್ಕಿ ಗಿರಣಿಗಳೂ ಬಂದವು. ಸ್ಟೀಮ್ ಅಕ್ಕಿ ಅಥವಾ ಕುಸುಬಲಕ್ಕಿ ತಯಾರಿಸುವ ಗಿರಣಿ ಬಾಯ್ಲರ್ ಇಲ್ಲದೆ ನಡೆಯದು. ಅದು ಹಳೆಯದಾದಾಗ ಬೆಲೆ ಎಷ್ಟೆಂದು ಎಲ್ಲರೂ ವಿಚಾರಿಸುತ್ತಾರೆ. ಆ ಹಣ ಎಲ್ಲಿಂದ ಬರಬೇಕೆಂದು ವಿಚಾರಿಸುವವರು ವಿರಳ.

ನನ್ನ ಕಕ್ಷಿದಾರರೊಬ್ಬರು ಅಕ್ಟೋಬರ್‌ನಲ್ಲಿ ಹೊಸ ಬಾಯ್ಲರ್ ಖರೀದಿಸಿ, ಪೂರ್ಣ ಹಣವನ್ನು ಕ್ಯಾಷ್ ಕ್ರೆಡಿಟ್ ಖಾತೆಯಿಂದಲೇ ಪಾವತಿಸಿದರು. ಡಿಸೆಂಬರ್‌ನಲ್ಲಿ ಭತ್ತದ ಆವಕ ಹೆಚ್ಚಿದಾಗ ಖಾತೆಯ ಮಿತಿ ಮುಗಿದಿತ್ತು. ಅಡತ್ ಅಂಗಡಿಯಿಂದ ಉದ್ದರಿಯಾಗಿ, ಹೆಚ್ಚಿನ ದರಕ್ಕೆ ಮಾಲು ಕೊಳ್ಳಬೇಕಾಯಿತು. ಬಾಯ್ಲರ್ ಹೊಸದಾಗಿತ್ತು, ಆದರೆ ಕುದಿಸಲು ಭತ್ತವಿರಲಿಲ್ಲ.

ಮಾಲಿನ ಹಣ, ಯಂತ್ರದ ಹಣ

ಲೆಕ್ಕಕ್ಕಾಗಿ ಬಾಯ್ಲರಿನ ಬೆಲೆ 20 ಲಕ್ಷ ರೂ., ಶೇ. 18ರ ಜಿಎಸ್‌ಟಿ 3.60 ಲಕ್ಷ, ಅಡಿಪಾಯ, ಚಿಮಣಿ, ಪೈಪು ಮತ್ತು ಸಾಗಣೆಗೆ 2.40 ಲಕ್ಷ, ಒಟ್ಟು 26 ಲಕ್ಷ ರೂ. ಎಂದಿಟ್ಟುಕೊಳ್ಳೋಣ. 2025-26ರ ಸಾಮಾನ್ಯ ಭತ್ತದ ಬೆಂಬಲ ಬೆಲೆ ಕ್ವಿಂಟಲಿಗೆ 2,369 ರೂ. ಆ ದರದಲ್ಲಿ 26 ಲಕ್ಷವೆಂದರೆ ಸುಮಾರು 1,100 ಕ್ವಿಂಟಲ್ ಭತ್ತ. ಕ್ಯಾಷ್ ಕ್ರೆಡಿಟ್‌ನಿಂದ ಬಾಯ್ಲರ್ ಕೊಂಡರೆ ಪ್ರತಿ ಸುತ್ತಿನ ಖರೀದಿಯಲ್ಲಿಯೂ ಇಷ್ಟು ಮಾಲು ಕಡಿಮೆಯಾಗುತ್ತದೆ. ಬಡ್ಡಿಗಿಂತ ದೊಡ್ಡದಾದ ಈ ನಷ್ಟ ಯಾವ ವಹಿಯಲ್ಲಿಯೂ ಕಾಣುವುದಿಲ್ಲ.

ಹತ್ತಾರು ವರ್ಷ ದುಡಿಯುವ ಯಂತ್ರಕ್ಕೆ ಅವಧಿ ಸಾಲವೇ ಸೂಕ್ತ. ನಾಲ್ಕನೆಯ ಒಂದು ಭಾಗವನ್ನು ಸ್ವಂತದಿಂದ ಹಾಕಿ, ಉಳಿದ 19.50 ಲಕ್ಷವನ್ನು ಶೇ. 11ರ ಬಡ್ಡಿಯಲ್ಲಿ ಐದು ವರ್ಷಕ್ಕೆ ಪಡೆದರೆ ಮಾಸಿಕ ಕಂತು ಸುಮಾರು 42,400 ರೂ. ಆಗುತ್ತದೆ. ಆಧಾರ ನೀಡಲು ಆಸ್ತಿ ಸಾಲದಿದ್ದರೆ ಸಿಜಿಟಿಎಂಎಸ್‌ಇ ಖಾತರಿಯ ಅಡಿಯಲ್ಲಿ ಸಾಲ ಕೇಳಬಹುದು. 2025ರ ಏಪ್ರಿಲ್‌ನಿಂದ ಇದರ ಮಿತಿ 10 ಕೋಟಿ ರೂ.ಗೆ ಏರಿದೆ. ಇದಕ್ಕೆ ಪ್ರತ್ಯೇಕ ಶುಲ್ಕವುಂಟು. ಕಂತುಗಳನ್ನು ಹಂಗಾಮಿನ ವಹಿವಾಟಿಗೆ ಹೊಂದಿಸಿಕೊಡುವಂತೆ ಮಂಜೂರಾತಿಗೆ ಮುನ್ನವೇ ಬ್ಯಾಂಕಿಗೆ ಬರೆದುಕೊಡಿ.

ಹೊಟ್ಟಿನಿಂದ ಕಂತು ತೀರುವುದೇ?

ಭತ್ತದ ತೂಕದಲ್ಲಿ ಸುಮಾರು ಐದನೆಯ ಒಂದು ಭಾಗ ಹೊಟ್ಟು. ಸ್ವಂತ ಗಿರಣಿಯದೆಂದು ಅದನ್ನು ಪುಕ್ಕಟೆ ಎಂದು ಭಾವಿಸುವುದು ತಪ್ಪು. ಉರಿಸದೆ ಉಳಿದ ಹೊಟ್ಟಿಗೆ ಬೆಲೆಯಿದೆ. ಬಾಯ್ಲರಿನ ದಕ್ಷತೆ ಶೇ. 55ರಿಂದ 70ಕ್ಕೆ ಏರಿದರೆ ಉರುವಲು ಶೇ. 21ರಷ್ಟು ಉಳಿಯುತ್ತದೆ. ದಿನಕ್ಕೆ 10 ಟನ್ ಉರಿಸುವ ಗಿರಣಿಯಲ್ಲಿ 150 ದಿನಗಳಿಗೆ ಸುಮಾರು 315 ಟನ್ ಉಳಿತಾಯ. ವರ್ಷದ ಕಂತು 5.09 ಲಕ್ಷ ರೂ. ಆದ್ದರಿಂದ ಹೊಟ್ಟಿಗೆ ಟನ್ನಿಗೆ ಸುಮಾರು 1,600 ರೂ. ದೊರೆತರೆ ಕಂತು ಉಳಿತಾಯದಿಂದಲೇ ತೀರುತ್ತದೆ. ಮಾರಾಟಗಾರರ ಮಾತನ್ನೇ ನಂಬದೆ, ಹತ್ತು ದಿನ ಹೊಟ್ಟನ್ನು ತೂಗಿ ತಮ್ಮ ಲೆಕ್ಕವನ್ನು ತಾವೇ ಮಾಡಿಕೊಳ್ಳುವುದು ಒಳಿತು.

ತೆರಿಗೆಯಲ್ಲಿ ಎಚ್ಚರ

ಕಟ್ಟಿದ 3.60 ಲಕ್ಷ ಜಿಎಸ್‌ಟಿ ಎಲ್ಲರಿಗೂ ಹಿಂದಿರುಗುವುದಿಲ್ಲ. 2022ರ ಜುಲೈ 18ರಿಂದ, ಮುಂಚಿತವಾಗಿ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ 25 ಕಿಲೋವರೆಗಿನ ಅಕ್ಕಿಗೆ ಶೇ. 5ರ ತೆರಿಗೆಯಿದೆ. 26 ಕಿಲೋ ಚೀಲಕ್ಕೆ ತೆರಿಗೆಯಿಲ್ಲ. ತೆರಿಗೆ ತಪ್ಪಿತೆಂದು ಸಂತೋಷಪಡುವ ಮುನ್ನ ಇನ್ನೊಂದು ಬದಿಯನ್ನೂ ನೋಡಬೇಕು: ವಿನಾಯಿತಿ ಮಾಲನ್ನಷ್ಟೇ ಮಾರುವವರಿಗೆ ಬಾಯ್ಲರಿನ ಮೇಲಿನ ಹೂಡುವಳಿ ತೆರಿಗೆ ಜಮೆ ದೊರೆಯದು. ಎರಡೂ ಬಗೆಯ ಮಾರಾಟವಿದ್ದರೆ ಜಮೆಯನ್ನು 60 ತಿಂಗಳಿಗೆ ಹಂಚಿ, ವಿನಾಯಿತಿ ಮಾರಾಟದ ಪಾಲನ್ನು ಬಿಟ್ಟುಕೊಡಬೇಕು. ಜಮೆ ಪಡೆದ ತೆರಿಗೆಯ ಮೊತ್ತದ ಮೇಲೆ ಸವಕಳಿ ಕೇಳುವಂತಿಲ್ಲ.

ಸಾಮಾನ್ಯ ಯಂತ್ರಗಳಿಗೆ ಆದಾಯ ತೆರಿಗೆಯಲ್ಲಿ ಸವಕಳಿ ಶೇ. 15. ವರ್ಷದಲ್ಲಿ 180 ದಿನಗಳಿಗಿಂತ ಕಡಿಮೆ ಬಳಸಿದರೆ ಆ ವರ್ಷ ಅರ್ಧ ಮಾತ್ರ. ಅಂದರೆ ಅಕ್ಟೋಬರ್ ಆರಂಭದೊಳಗೆ ಬಾಯ್ಲರ್ ಚಾಲನೆಗೊಂಡಿರಬೇಕು. ಹಂಗಾಮಿಗೂ ಅದೇ ಹಿತ. ಒಬ್ಬರಿಗೆ ಒಂದು ದಿನದಲ್ಲಿ 10,000 ರೂ. ಮೀರಿ ನಗದು ಕೊಟ್ಟರೆ ಆ ಮೊತ್ತ ಯಂತ್ರದ ವೆಚ್ಚದಲ್ಲಿ ಸೇರುವುದಿಲ್ಲ. ವೆಲ್ಡಿಂಗ್ ಗುತ್ತಿಗೆದಾರರಿಗೂ ಬ್ಯಾಂಕಿನ ಮೂಲಕವೇ ಪಾವತಿಸಿರಿ. ಹಳೆಯ ಬಾಯ್ಲರನ್ನು ಗುಜರಿಗೆ ಕೊಟ್ಟರೆ ಬಿಲ್ಲು ಹಾಕಿ, ಬಂದ ಹಣವನ್ನು ಯಂತ್ರಗಳ ಲೆಕ್ಕದಲ್ಲಿ ಕಳೆಯಿರಿ.

ಅಗ್ಗದ ಹಳೆಯ ಬಾಯ್ಲರ್

ಬೇರೆ ಗಿರಣಿಯ ಹಳೆಯ ಬಾಯ್ಲರ್ ಅಗ್ಗಕ್ಕೆ ಸಿಗುವುದುಂಟು. 1923ರ ಕಾಯಿದೆಯ ಸ್ಥಾನದಲ್ಲಿ ಈಗ 2025ರ ಬಾಯ್ಲರುಗಳ ಕಾಯಿದೆ ಬಂದಿದೆ. ನೋಂದಣಿ ಮತ್ತು ಚಾಲ್ತಿಯಲ್ಲಿರುವ ಪ್ರಮಾಣಪತ್ರವಿಲ್ಲದೆ ಬಾಯ್ಲರ್ ನಡೆಸುವುದು ಅಪರಾಧ. ಕಾರ್ಖಾನೆಗಳು ಮತ್ತು ಬಾಯ್ಲರುಗಳ ಇಲಾಖೆಯ ದಾಖಲೆ ನೋಡದೆ ಮುಂಗಡ ಕೊಡಬೇಡಿ. ಪ್ರಮಾಣಪತ್ರವಿಲ್ಲದ ಬಾಯ್ಲರಿನಿಂದ ಅಪಘಾತವಾದರೆ ಜೀವಹಾನಿಯ ಜೊತೆಗೆ ವಿಮೆಯ ಹಣಕ್ಕೂ ಅಡ್ಡಿ ಬರುವುದು.

ಆದ್ದರಿಂದ ಕೊಟೇಶನ್, ಹೊಟ್ಟಿನ ಲೆಕ್ಕ ಮತ್ತು ಸಾಲದ ಅರ್ಜಿ, ಈ ಮೂರನ್ನೂ ಬೇಸಿಗೆಯಲ್ಲಿಯೇ ಸಿದ್ಧಪಡಿಸಿಕೊಳ್ಳಬೇಕು. ಕ್ಯಾಷ್ ಕ್ರೆಡಿಟ್ ಖಾತೆ ಭತ್ತಕ್ಕಾಗಿ ಇರುವುದು. ಸುಗ್ಗಿ ಬಂದಾಗ ಅದು ತೆರೆದಿರಲಿ.