ಬೆಚ್ಚಿಸುವುದು ಸುಲಭ, ಹೆದರಿಸುವುದು ಕಷ್ಟ

ಬಳ್ಳಾರಿ ಸೀಮೆಯ ಪ್ರೇಕ್ಷಕರನ್ನು ಹೆದರಿಸುವುದು ಸಲೀಸಲ್ಲ. ಕುರುಗೋಡು, ಸಿರುಗುಪ್ಪದ ಹಳ್ಳಿಗಳಲ್ಲಿ ಬೆಳತನಕ ಬಯಲಾಟ ನೋಡಿ ಬೆಳೆದ ಮಂದಿ ನಾವು. ಕಂದಗಲ್ಲ ಹನುಮಂತರಾಯರ ‘ರಕ್ತರಾತ್ರಿ’ ನಾಟಕದಲ್ಲಿ ಸುಭದ್ರಮ್ಮ ಮನ್ಸೂರರ ದ್ರೌಪದಿಯನ್ನು ಕಂಡವರು ಇನ್ನೂ ಇದ್ದಾರೆ. ಮಲಗಿದ್ದ ಮಕ್ಕಳನ್ನು ಅಶ್ವತ್ಥಾಮ ಕತ್ತಲಲ್ಲಿ ಕೊಂದುಹಾಕುವ ಆ ಕಥೆಯಲ್ಲಿ ಹಾರರ್ ಎಷ್ಟು, ಆ್ಯಕ್ಷನ್ ಎಷ್ಟು ಎಂದು ಯಾರೂ ಅಳೆಯಲು ಹೋಗಲಿಲ್ಲ.

ಹರೆಯದಲ್ಲಿ ನಾನೂ ಬಯಲಾಟದ ರಾಕ್ಷಸ ಪಾತ್ರಕ್ಕೆ ಬಣ್ಣ ಹಚ್ಚಿದವನು. ದೊಡ್ಡಾಟದ ರಾಕ್ಷಸ ಏಕಾಏಕಿ ರಂಗಕ್ಕೆ ನುಗ್ಗುವುದಿಲ್ಲ. ಮೊದಲು ಪರದೆ ಹಿಡಿಯುತ್ತಾರೆ, ಮದ್ದಳೆ ಏರುತ್ತದೆ, ಹಿಂದಿನಿಂದ ಆರ್ಭಟ ಕೇಳುತ್ತದೆ, ಕಿರೀಟದ ತುದಿಯಷ್ಟೇ ಕಾಣುತ್ತದೆ. ಮುಖ ಕಾಣುವ ಹೊತ್ತಿಗೆ ಮುಂದೆ ಕೂತ ಹುಡುಗರು ಅವ್ವನ ಸೆರಗು ಹಿಡಿದಿರುತ್ತಿದ್ದರು. ‘ಲಗೂನ ಮುಖ ತೋರಸಬ್ಯಾಡ, ಮಂದೀನ ಕಾಯಿಸು’ ಎಂದು ನಮ್ಮ ಮಾಸ್ತರರು ಗದರುತ್ತಿದ್ದರು. ಇವತ್ತಿಗೂ ಸಿನಿಮಾ ನೋಡುವಾಗ ನನ್ನ ಅಳತೆಗೋಲು ಅದೇ.

ಆ ಅಳತೆಯಲ್ಲಿ ‘ಕಾಂತಾರ’ (2022) ಗೆದ್ದಿತು. ಗುಳಿಗ ದೈವದ ಕೂಗನ್ನು ನಿರ್ದೇಶಕ ರಿಷಬ್ ಶೆಟ್ಟಿ ಬೇಕಾಬಿಟ್ಟಿ ಖರ್ಚು ಮಾಡಲಿಲ್ಲ. ಕೊನೆಯ ಹೊಡೆದಾಟದ ಹಿಂದೆ ಊರಿನ ಭೂಮಿಯ ಪ್ರಶ್ನೆ ಇತ್ತು, ಅಜನೀಶ್ ಲೋಕನಾಥರ ಸಂಗೀತ ಅದಕ್ಕೆ ಜೀವ ತುಂಬಿತು. ನಾಯಕಿ ಲೀಲಾಳ ಪಾತ್ರ ಮಾತ್ರ ಸೊರಗಿತ್ತು. ಅವಳನ್ನು ಕಾಡಿಸುವುದನ್ನೇ ಪ್ರೀತಿ ಎಂದು ತೋರಿಸಿದ್ದು ಹಳೆಯ ಚಾಳಿ. 2025ರ ‘ಕಾಂತಾರ: ಅಧ್ಯಾಯ 1’ ಕಣ್ಣಿಗೆ ದೊಡ್ಡ ಹಬ್ಬ. ಆದರೆ ಎಲ್ಲವನ್ನೂ ಬಿಡಿಸಿ ತೋರಿಸುವ ಭರದಲ್ಲಿ ಮೊದಲ ಚಿತ್ರದ ನಿಗೂಢತೆ ತೆಳುವಾಯಿತು ಎಂದೇ ನನಗನ್ನಿಸಿತು.

ಅದೇ ವರ್ಷದ ಜುಲೈನಲ್ಲಿ ಬಂದ ಜೆ.ಪಿ. ತುಮಿನಾಡರ ‘ಸು ಫ್ರಮ್ ಸೋ’ಗೆ ದೊಡ್ಡ ಸ್ಟಾರ್‌ಗಳ ಆಸರೆ ಬೇಕಾಗಲಿಲ್ಲ. ದೆವ್ವ ಮೈಮೇಲೆ ಬಂದಿದೆ ಎಂದು ನಂಬಿದ ಊರೊಂದರ ಗಡಿಬಿಡಿಯಲ್ಲೇ ನಗುವೂ ಭಯವೂ ಹುಟ್ಟಿತು. ನಗುವಿನ ಅಡಿಯಲ್ಲಿ ಹೆಣ್ಣುಮಗಳೊಬ್ಬಳ ಸಂಕಟವನ್ನು ಇಟ್ಟದ್ದು ಅದರ ಜಾಣತನ.

ಉಳಿದ ಹಾರರ್ ಚಿತ್ರಗಳ ಪಾಡು? ಕಿರುಗುಟ್ಟುವ ಬಾಗಿಲು, ಕೆದರಿದ ಕೂದಲು, ಕಿವಿ ಹರಿಯುವ ಸದ್ದು, ಇಂಟರ್ವಲ್ ಆದಮೇಲೆ ಅನ್ಯಾಯಕ್ಕೊಳಗಾದ ಹೆಣ್ಣಿನ ಫ್ಲ್ಯಾಶ್‌ಬ್ಯಾಕ್. 2004ರ ‘ಆಪ್ತಮಿತ್ರ’ದ ನಾಗವಲ್ಲಿ ತೆಲುಗಿನಲ್ಲಿ ‘ರಾ ರಾ’ ಎಂದು ಕರೆದಾಗ, ಎರಡೂ ಭಾಷೆ ಬಲ್ಲ ಬಳ್ಳಾರಿಯವರಿಗೆ ಅವಳು ಪಕ್ಕದ ಓಣಿಯವಳೇ ಅನ್ನಿಸಿದ್ದಳು. ಆಮೇಲಿನ ಎಷ್ಟೋ ದೆವ್ವಗಳು ಅವಳ ಸೀರೆ ಎರವಲು ತಂದವು, ಅವಳ ನೋವನ್ನು ತರಲಿಲ್ಲ. ಮಲಯಾಳದ ‘ಭ್ರಮಯುಗಂ’ (2024) ಕಪ್ಪು-ಬಿಳುಪಿನಲ್ಲಿ, ಒಂದು ಹಾಳುಮನೆಯಲ್ಲಿ, ಬೆರಳೆಣಿಕೆಯ ಪಾತ್ರಗಳಲ್ಲೇ ಮೈ ನಡುಗಿಸಿತು. ಭಯಕ್ಕೆ ಗ್ರಾಫಿಕ್ಸ್ ಕಡ್ಡಾಯವಲ್ಲ.

ಆ್ಯಕ್ಷನ್ ಕಡೆ ಬಂದರೆ, ‘ಕೆಜಿಎಫ್’ (2018, 2022) ತಾಂತ್ರಿಕವಾಗಿ ಕನ್ನಡಕ್ಕೆ ಹೊಸ ಕಸುವು ತಂದಿತು. ಸಾಹಸಕ್ಕಾಗಿ ಅನ್ಬರಿವ್ ಜೋಡಿಗೆ ರಾಷ್ಟ್ರಪ್ರಶಸ್ತಿಯೂ ಬಂತು. ಆದರೂ ಆ ಹೊಡೆತಗಳಿಗೆ ತೂಕ ಕೊಟ್ಟದ್ದು ತಾಯಿಗೆ ಮಗ ಕೊಟ್ಟ ಮಾತು. ಅದರ ಹಿಂದೆಯೇ ಬಂದ ‘ಕಬ್ಜ’ (2023) ಕಪ್ಪು ಬಣ್ಣ, ಬಂದೂಕು, ಬಿರುಸು ಮಾತುಗಳನ್ನು ತಂದಿತು. ತಾಯಿಗೆ ಕೊಟ್ಟ ಆ ಮಾತಿನಂಥ ತೂಕ ಮಾತ್ರ ಬರಲಿಲ್ಲ. ‘ಮಾರ್ಟಿನ್’ (2024) ನೋಡಿ ಬಂದ ಸಿರುಗುಪ್ಪದ ನನ್ನ ಬೀಗರು ಅಂದದ್ದಿಷ್ಟು: ‘ಯಾಕ ಹೊಡಿಯಾಕತ್ತಾನ ಅಂತ ತಿಳೀವಲ್ದು, ಹೊಡಿಯೋದಂತೂ ನಿಲ್ಲವಲ್ದು.’ ಭತ್ತದ ಗದ್ದೆಯ ಈ ರೈತನಷ್ಟು ಚುಟುಕಾಗಿ ನಾನು ವಿಮರ್ಶೆ ಬರೆಯಲಾರೆ.

ಅದೇ ವರ್ಷದ ‘ಮ್ಯಾಕ್ಸ್’ ಒಂದೇ ರಾತ್ರಿಯ ಕಥೆ. ಬೆಳಗಾಗುವುದರೊಳಗೆ ಪೊಲೀಸರು ಬಚಾವಾಗುತ್ತಾರೋ ಇಲ್ಲವೋ ಎಂಬ ಬಿಗಿ ಇದ್ದುದರಿಂದ ಸುದೀಪರ ಏಟುಗಳು ನಮಗೂ ತಾಗಿದವು. ‘ಗರುಡ ಗಮನ ವೃಷಭ ವಾಹನ’ದ (2021) ಶಿವ ಕೊಲ್ಲುವಾಗಿನದಕ್ಕಿಂತ ಸುಮ್ಮನೆ ಕೂತಾಗಲೇ ಹೆಚ್ಚು ದಿಗಿಲು ಹುಟ್ಟಿಸಿದ. ಶಿವನಾದ ರಾಜ್ ಬಿ. ಶೆಟ್ಟಿಗೆ ಕಾಯಿಸುವುದು ಗೊತ್ತು.

ಕರಾವಳಿಯವರು ತಮ್ಮ ನೆಲದ ಭಯವನ್ನು ಸಿನಿಮಾ ಮಾಡಿದರು. ನಮ್ಮ ಸೀಮೆಯಲ್ಲಿ ಕಥೆಗಳಿಗೇನು ಬರವೇ? ಗಣಿ ಅಕ್ರಮವನ್ನು ಪುನೀತ್ ಅಭಿನಯದ ‘ಪೃಥ್ವಿ’ (2010) ಮುಟ್ಟಿತ್ತು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಗೇಟುಗಳಲ್ಲಿ 19ನೆಯದು ಕೊಚ್ಚಿಹೋಯಿತು. ಕೆಳಗಡೆ ನದಿದಂಡೆಯ ಊರುಗಳಿಗೆ ಪ್ರವಾಹದ ಭಯ, ಕಾಲುವೆ ನಂಬಿದ ರೈತರಿಗೆ ನೀರೇ ಉಳಿಯದಿದ್ದರೆ ಎಂಬ ಭಯ. ಹರಿಯುವ ನೀರಿನ ನಡುವೆಯೇ ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ತಾತ್ಕಾಲಿಕ ತಡೆಯಾಗಿ ಸ್ಟಾಪ್‌ಲಾಗ್ ಇಳಿಸಿದರು. ಕಾಯಿಸುವುದಕ್ಕೆ, ನಡುಗಿಸುವುದಕ್ಕೆ, ಕೊನೆಗೆ ಸಾಹಸಕ್ಕೆ ಇಷ್ಟು ಸಾಮಗ್ರಿ ಸಾಲದೆ? ಇನ್ನೊಂದು ಡಾನ್ ಕಥೆಗೆ ಕೋಟಿಗಟ್ಟಲೆ ಸುರಿಯುವ ನಿರ್ಮಾಪಕರು ಅದರಲ್ಲೊಂದು ಪಾಲನ್ನು ಬರಹಗಾರರಿಗೆ ಕೊಟ್ಟು, ಒಂದಷ್ಟು ದಿನ ಸಿರುಗುಪ್ಪದಲ್ಲಿ ಇರಿಸಿ ನೋಡಲಿ.