ಅಹವಾಲು ಸಭೆಯ ವಿಡಿಯೊ ಊರಿನವರ ಹತ್ತಿರವೂ ಇರಲಿ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಭಾಗದಲ್ಲಿ ನೆಲದಡಿ ಸುಣ್ಣದಕಲ್ಲು, ನೆಲದ ಮೇಲೆ ಸಿಮೆಂಟ್ ಕಾರ್ಖಾನೆ. ದೊಡ್ಡ ಗಣಿಯೋ ಹೊಸ ಘಟಕವೋ ಬರುವ ಮುಂಚೆ ಸಾಮಾನ್ಯವಾಗಿ ಪರಿಸರ ಅಹವಾಲು ಸಭೆ ನಡೀಬೇಕು. 2006ರ ಕೇಂದ್ರ ಅಧಿಸೂಚನೆಯ ಪ್ರಕಾರ ಇಡೀ ಸಭೆಯ ವಿಡಿಯೊ ಚಿತ್ರೀಕರಣ ಕಡ್ಡಾಯ. ಅದು ಅಧಿಕಾರಿಗಳ ಹತ್ತಿರ ಇರತ್ತೆ. ಊರಿನವರ ಹತ್ತಿರ ಇರೋದು ಮೊಬೈಲಲ್ಲಿ ತೆಗೆದು ವಾಟ್ಸಾಪ್‌ಗೆ ಹಾಕಿದ್ದು, ಅಂದರೆ ಕುಗ್ಗಿ ಮಸುಕಾದ ತುಣುಕು. ಅದನ್ನೇ ಸಾಕ್ಷಿ ಅಂತ ಮುಂದಿಟ್ಟರೆ ಯಾರು ಒಪ್ತಾರೆ?

ಮೂಲ ಫೈಲನ್ನು ಹಾಗೇ ನಾಲ್ಕು ಕಡೆ ಇಡೋಕೆ ಟರ್ಮಿನಲ್ ಸಾಕು. ಆ ಕಪ್ಪು ಪರದೆ ಬರೀ ಬೆಂಗಳೂರಿನ ಇಂಜಿನಿಯರ್‌ಗಳ ಸ್ವತ್ತಲ್ಲ. ಎರಡು ಲ್ಯಾಪ್‌ಟಾಪ್‌ಗಳನ್ನು ಒಂದೇ ಮೊಬೈಲಿನ ಹಾಟ್‌ಸ್ಪಾಟ್‌ಗೆ ಜೋಡಿಸಿ. ಫೈಲ್ ಅವೆರಡರ ನಡುವೆಯೇ ಓಡಾಡೋದರಿಂದ ಡೇಟಾ ಖರ್ಚಾಗಲ್ಲ, ನೆಟ್ ಬಂದ್ ಮಾಡಿದ್ದರೂ ಕೆಲಸ ನಡೆಯತ್ತೆ. ಪಡೆಯುವ ಯಂತ್ರದಲ್ಲಿ ಎಸ್‌ಎಸ್‌ಎಚ್ ಸೇವೆ ಚಾಲೂ ಇರಬೇಕು. ಜಾಲದಲ್ಲಿ ಪಾಸ್‌ವರ್ಡ್ ಕದಿಯೋದನ್ನು ತಡೆಯಲು 1995ರಲ್ಲಿ ಫಿನ್ಲೆಂಡಿನ ಟಾಟು ಯುಲೋನೆನ್ ಬರೆದದ್ದು ಇದು.

ಎಸ್‌ಸಿಪಿ ಆಜ್ಞೆ ಸರಳ: ಆಜ್ಞೆಯ ಹೆಸರು, ಫೈಲಿನ ಹೆಸರು, ಆಮೇಲೆ ಆ ಕಡೆಯ ಬಳಕೆದಾರರ ಹೆಸರು, @ ಚಿಹ್ನೆ, ಯಂತ್ರದ ವಿಳಾಸ, ಕೋಲನ್, ಫೋಲ್ಡರ್. ಕೋಲನ್ ಮರೆತರೆ ಫೈಲ್ ಎಲ್ಲೂ ಹೋಗಲ್ಲ, ನಿಮ್ಮಲ್ಲೇ ಇನ್ನೊಂದು ಪ್ರತಿ ಹುಟ್ಟತ್ತೆ. ನಡುವೆ ಸಂಪರ್ಕ ಕಡಿದರೆ ಮತ್ತೆ ಮೊದಲಿಂದ ಶುರು. ಅದಕ್ಕೇ ದೊಡ್ಡ ವಿಡಿಯೊಗೆ ನಾನು ಬಳಸೋದು ಆರ್‌ಸಿಂಕ್. ಆಂಡ್ರ್ಯೂ ಟ್ರಿಡ್ಜೆಲ್ ಮತ್ತು ಪಾಲ್ ಮೆಕೆರಸ್ 1996ರಲ್ಲಿ ಹೊರತಂದದ್ದು. ಲಿನಕ್ಸ್‌ನಲ್ಲಿ ಸುಲಭವಾಗಿ ಸಿಗತ್ತೆ, ಎರಡೂ ಕಡೆ ಇರಬೇಕು ಅಷ್ಟೆ. ಹೈಫನ್ ಜೊತೆ ಸಣ್ಣ ‘ಎ’ ಸೇರಿಸಿದರೆ ಫೈಲಿನ ದಿನಾಂಕ, ಸಮಯ ಹಾಗೇ ಉಳಿಯತ್ತೆ. ದೊಡ್ಡ ‘ಪಿ’ ಸೇರಿಸಿದರೆ ಅರ್ಧ ಬಂದದ್ದು ಅಳಿಯಲ್ಲ, ಅದೇ ಆಜ್ಞೆ ಮತ್ತೆ ಕೊಟ್ಟಾಗ ಅದು ಉಪಯೋಗಕ್ಕೆ ಬರತ್ತೆ. ‘ಡಿಲೀಟ್’ ಆಯ್ಕೆ ಮಾತ್ರ ಮುಟ್ಟಬೇಡಿ. ನಿಮ್ಮಲ್ಲಿ ಇಲ್ಲದ ಫೈಲನ್ನು ಅದು ಆ ಕಡೆಯಿಂದಲೂ ಅಳಿಸತ್ತೆ.

ವಾಡಿಯಿಂದ ಚಿಂಚೋಳಿಗೆ ಕಳಿಸಬೇಕಾದರೆ ಒಂದು ತೊಡಕು. ಮೊಬೈಲ್ ನೆಟ್‌ನಲ್ಲಿ ನೂರಾರು ಜನರಿಗೆ ಒಂದೇ ಹೊರವಿಳಾಸ ಹಂಚಿರೋದರಿಂದ ಸಾಮಾನ್ಯವಾಗಿ ನೇರ ಸಂಪರ್ಕ ಆಗಲ್ಲ. ನಡುವೆ ಒಂದು ಬಾಡಿಗೆ ಸರ್ವರ್ ಬೇಕು. ಇವರು ಅಲ್ಲಿಗೆ ಹಾಕ್ತಾರೆ, ಅವರು ಅಲ್ಲಿಂದ ಎಳ್ಕೊಳ್ತಾರೆ.

ಕಾಪಿ ಮುಗಿದ ಮೇಲೆ ಎರಡೂ ಕಡೆ ಫೈಲಿನ ಶಾ-256 ಮೊತ್ತ ತೆಗೆಯಿರಿ. 64 ಅಕ್ಷರ-ಅಂಕಿಗಳ ಸಾಲು ಬರತ್ತೆ. ಒಂದು ಬಿಟ್ ಬದಲಾದರೂ ಸಾಲು ಬೇರೆಯಾಗತ್ತೆ. ವಿಡಿಯೊ ನಿಜವೋ ಸುಳ್ಳೋ ಅದು ಹೇಳಲ್ಲ, ಅವತ್ತಿನಿಂದ ಯಾರೂ ಕೈಯಾಡಿಸಿಲ್ಲ ಅಂತ ಹೇಳತ್ತೆ. ಸಭೆಯ ದಿನವೇ ಕೊಡುವ ಮನವಿಪತ್ರದಲ್ಲಿ ಆ ಸಾಲನ್ನೂ ಬರೆದು, ಸ್ವೀಕೃತಿ ಮೊಹರು ಹಾಕಿಸ್ಕೊಳ್ಳಿ.